ಮೆಟ್ಟಿಲಿಲ್ಲದ ಕಾಟೇಜು

ಅಮೆರಿಕದ ಎಜುಕೇಶನ್ ಹಿಲ್‌ನ ಬಸ್ ಸ್ಟಾಪಿನಲ್ಲಿ ಬೆನ್ನ ಹಿಂದೆ ಕನ್ನಡ ಕೇಳಿಸಿದರೂ ಸುಗುಣ ತಿರುಗಲಿಲ್ಲ. ತಿರುಗಿದರೆ ಮಾತು ನಿಂತುಹೋಗುತ್ತದೆ.

"ರೇಹಾನಾ, ಇಂಗ್ಲೆಂಡಿಗೆ ಪ್ಯಾಕಿಂಗ್ ಆಯ್ತಾ?"

"ಹೋಗ್ತಿಲ್ಲ, ಶರೋನ್."

"ಏನೇ ಇದು! ಅಮ್ಮಿ ಜೊತೆ ಒಂದ್ ವಾರ ಹಳ್ಳೀಲಿ ಇರ್ತೀನಿ ಅಂತ ಕುಣೀತಿದ್ದೆ?"

"ಇಲ್ಲಿಗೆ ಬರೋಕೆ ಅವರಿಗೆ ಎರಡು ಸಲ ವೀಸಾ ಕೊಡ್ಲಿಲ್ಲ. ಅದಕ್ಕೇ ಶ್ರಾಪ್‌ಶೈರ್‌ನಲ್ಲಿ, ವೇಲ್ಸ್ ಗಡಿ ಹತ್ರ ಕಾಟೇಜ್ ಬುಕ್ ಮಾಡಿದ್ದೆ. ಅವರ ಮಂಡಿನೋವಿಗೆ ಅಂತ ಮೆಟ್ಟಿಲೇ ಇಲ್ದಿರೋದು."

"ಮತ್ತೆ?"

"ಈಗ ಅಮೆರಿಕ ಬಿಟ್ರೆ ವಾಪಸ್ ಬರೋದು ಡೌಟು ಅಂತ ಲಾಯರ್ ಇವತ್ತು ಬೆಳಿಗ್ಗೆ ಹೇಳಿದ್ರು."

"ಅಮ್ಮಿಗೆ ಕಾಲ್ ಮಾಡಿ ಹೇಳೇ."

"ಹತ್ತು ಸಲ ಮಾಡಿದೆ. ಫ್ಲೈಟ್ ಹತ್ತಿಬಿಟ್ಟಿದಾರೆ ಕಣೇ. ಏರ್‌ಪೋರ್ಟಲ್ಲಿ ನಾನು ನಿಂತಿರ್ತೀನಿ ಅಂದ್ಕೊಂಡು."

ಬಸ್ಸು ಬಂತು. ಇಬ್ಬರೂ ಹತ್ತಿದರು. ಸುಗುಣಳೂ ಹತ್ತಬೇಕಿತ್ತು; ಇಷ್ಟೆಲ್ಲ ಕೇಳಿಸಿಕೊಂಡು ಅವರೆದುರು ಕೂರಲಾರದೆ, ನೀವು ಹೋಗಿ ಎಂದು ಡ್ರೈವರಿಗೆ ಕೈಸನ್ನೆ ಮಾಡಿದಳು.