ಒಲೆಯ ಜಾಗ

ಕೋಪರಖೈರಣೆಯ ದವಾಖಾನೆಯಲ್ಲಿ ಮಗಳ ಕೆಮ್ಮಿಗೆಂದು ನಂಬರು ಹಿಡಿದು ಕೂತಿದ್ದ ಜಯಲತಾಳಿಗೆ ಸುತ್ತಲಿನ ಮರಾಠಿಯ ನಡುವೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿತು. ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಕಾಳವ್ವ ತನ್ನ ಸೊಸೆಯೊಂದಿಗೆ ಮಾತಿಗಿಳಿದಿದ್ದಳು.

"ಹೋದ ಸಲ ಬೀಡಿ ಸೇದ್ತೀಯೇನು ಅಂತ ಕೇಳಿದನಲ್ಲವಾ ಆ ಡಾಕ್ಟರು, ನನಗ."

"ಒಲಿ ಹೊಗಿ ಬೀಡಿಗಿಂತ ಕಡಿಮಿ ಏನತ್ತಿ? ಮಹಾಪೆಯ ಕಾರ್ಖಾನಿಯವ್ರು ಬಿಸಾಡಿದ ಪ್ಲೈವುಡ್ ತಂದು ಉರಿಸಿದ್ರಿ. ಅದರ ಅಂಟು, ಬಣ್ಣ ಎಲ್ಲಾ ನಿಮ್ಮ ಎದ್ಯಾಗ ಕುಂತೈತಿ."

"ಪುಕ್ಕಟೆ ಸಿಗತಿತ್ತು."

"ಅದಕ್ಕ ಆವತ್ತು ಉಸಿರು ಅಳೆಯೋ ನಳಿಗಿ ಊದಿದಾಗ ಅದರ ಮುಳ್ಳು ಮಿಸುಕಲೇ ಇಲ್ಲ."

"ನಲವತ್ತು ವರ್ಷ ಊದುಗೊಳವಿ ಊದಿದಾಕಿ, ಒಂದು ಪ್ಲಾಸ್ಟಿಕ್ ನಳಿಗಿ ಮುಂದ ಸೋತೆ ನೋಡು."

ಕಾಳವ್ವ ನಕ್ಕಳು. ನಗುವಿನ ಹಿಂದೆ ಕೆಮ್ಮು ಬಂತು, ಆದರೆ ಬೇಗನೆ ನಿಂತಿತು.

"ಗ್ಯಾಸ್ ಬಂದು ಮೂರು ವಾರಕ್ಕ ಎಷ್ಟು ಆರಾಮ ಆಗೈತಿ ನೋಡ್ರಿ."

"ಆರಾಮ ಆದರ ಹೊಟ್ಟಿ ತುಂಬತೈತೇನ? ಗ್ಯಾಸಿನ ರೊಟ್ಟಿ ಅಂತ ಗಿರಾಕಿ ಬಿಟ್ಟು ಹೋದರ ಮತ್ತ ಒಲಿ ಹಚ್ಚಾಕೀನ ನಾನು."

"ಮೂರು ವಾರದಿಂದ ನಾ ಬಡದ ಗ್ಯಾಸಿನ ರೊಟ್ಟೀನ ತಿನ್ನಾಕತ್ತಾರ. ಒಬ್ಬರೂ ಬಿಟ್ಟಿಲ್ಲ."

"ನೆರೂಳದ ಹಳೇ ಗಿರಾಕಿ ಬಾಳಪ್ಪಗ ಗೊತ್ತಾಗಿರಬೇಕು. ಅಂವ ಏನಂದ?"

"ಕಾಳವ್ವನ ಕೈ ಈಗ ಹದಕ್ಕ ಬಂದೈತಿ ಅಂದ್ರು."



"ಬಡದಾಕಿ ನೀ ಅಂತ ಅವಗ ಹೇಳಬ್ಯಾಡ ಮತ್ತ."

ಒಳಗಿನಿಂದ ನರ್ಸ್ ಕಾಳವ್ವನ ಹೆಸರು ಕೂಗಿದಳು. ಕಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಸೆಯ ಭುಜ ಹಿಡಿದು ಎದ್ದಳು.

"ಮುಳ್ಳು ಏರಲಿ, ಬಿಡಲಿ. ಬಾಗಲಾಗಿನ ಸಿಲಿಂಡರ್ ಕಾಲಿಗೆ ತೊಡರತೈತಿ. ಮನಿಗೆ ಹೋದಕೂಡಲೇ ಆ ಒಲಿ ಒಡದು, ಅಲ್ಲಿ ಇಡು."