ಬಾಗಿಲ ಚೀಟಿ ಮತ್ತು ನೂರ ನಲವತ್ತಮೂರು ಮಕ್ಕಳು

ನಾನು ವಾಣಿ ಪಿ., ತಂದೆ ದಿವಂಗತ ಪುಟ್ಟಬಸವಯ್ಯ, 48 ವರ್ಷ, ಎಂ.ಎ. (ಕನ್ನಡ), ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ, ವಾಸ ನಂಜನಗೂಡು ಪಟ್ಟಣದ ಹೊಳೆ ಪಕ್ಕದ ಬೀದಿ. ಈ ದಿನ ಪೊಲೀಸರು ಕೇಳಿದ್ದಕ್ಕೆ ನಾನು ಹೇಳಿ ಬರೆಸುವುದೇನೆಂದರೆ:

ನಾನು ಬಾಡಿಗೆಗೆ ಹಿಡಿದ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಚೀಟಿಯ ಕೈಬರಹ ನನ್ನದೇ. 'ಮಲಗಿದವರ ಎಬ್ಬಿಸಬೇಡ' ಎಂಬುದು ನನ್ನ ತಂದೆಯವರು ಹೇಳುತ್ತಿದ್ದ ಮಾತಿನ ಮೊದಲರ್ಧ. ಉಳಿದರ್ಧ 'ನೆನೆದವರ ಮರೆಯಬೇಡ' ಎಂದಿತ್ತೆಂದು ನೆನಪು, ಖಚಿತವಿಲ್ಲ. ನೆನೆದವರು ಎಂದರೆ ನೀರಲ್ಲಿ ತೊಯ್ದವರೋ, ನಮ್ಮನ್ನು ನೆನಪಿಟ್ಟವರೋ ಎಂದು ಅವರಿದ್ದಾಗ ಕೇಳಲಿಲ್ಲ. ಆದ್ದರಿಂದ ಆ ಅರ್ಧವನ್ನು ಚೀಟಿಯಲ್ಲಿ ಬರೆಯಲಿಲ್ಲ.

ನನ್ನ ತಂದೆ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಮರದ ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಶೆಡ್ಡಿನಲ್ಲಿ 26 ವರ್ಷ ಕೂಲಿ ಮಾಡಿದರು. ಬೇಡವಾದ ಹಲಗೆ ಚೂರುಗಳನ್ನು ಕೇಳಿ ತಂದು, ಭಾನುವಾರ ನನಗೂ ತಂಗಿ ದಿವ್ಯಳಿಗೂ ಬೊಂಬೆ ಕೆತ್ತುತ್ತಿದ್ದರು. ಕೆಲವು ಬೊಂಬೆಗಳ ಮೈಮೇಲೆ ಪೆಟ್ಟಿಗೆಯ ಅಚ್ಚು ಹಾಗೇ ಉಳಿದಿದೆ. ಒಂದು ಎತ್ತಿನ ಹೊಟ್ಟೆಯ ಮೇಲೆ, ಸರಕು ನೆನೆಯಬಾರದೆಂದು ಒತ್ತುವ ಛತ್ರಿ ಗುರುತಿನ ಅರ್ಧವಿದೆ. ಅದು ಎತ್ತಿನ ಸ್ವಂತ ಛತ್ರಿ ಎಂದು ಹೇಳುತ್ತಿದ್ದರು. ಆಟ ಮುಗಿದ ಮೇಲೆ ಬೊಂಬೆ ಎತ್ತಿಡಿ ಎಂದು ಅವರು ಹೇಳಿದ್ದಿಲ್ಲ, ಮಕ್ಕಳನ್ನು ಮಲಗಿಸಿ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಈಗಲೂ ಅದೇ ಮಾತು.

ಹಿಂದಿನ ವರ್ಷ ಕಪಿಲೆಯ ನೀರು ಮನೆಯೊಳಗೆ 2 ಅಡಿ ನಿಂತು 11 ಬೊಂಬೆಗಳು ಉಬ್ಬಿ ಸೀಳಿದವು. ಉಳಿದವು 143. ಈ ವರ್ಷವೂ ಹೊಳೆ ಏರುತ್ತಿದ್ದುದರಿಂದ, ಸುಮಾರು 30 ಕಿ.ಮೀ. ದೂರದ ತಿ. ನರಸೀಪುರದಲ್ಲಿ, ಎತ್ತರದ ಬಡಾವಣೆಯ ಗಂಗಾಧರಸ್ವಾಮಿ ಎಂಬುವರ ಮಹಡಿ ಕೋಣೆಯನ್ನು ಬಾಡಿಗೆಗೆ ಹಿಡಿದೆ.

ದಿನಾಂಕ 06-07-2025ರ ಭಾನುವಾರ ಬೆಳಿಗ್ಗೆ 10.15ಕ್ಕೆ ಲಗೇಜ್ ಆಟೋದಲ್ಲಿ 6 ಟ್ರಂಕುಗಳನ್ನು ತಂದಿಳಿಸಿದೆ. ಪ್ರತಿ ಬೊಂಬೆಗೂ ಹಳೆ ಸೀರೆಯ ತುಂಡು ಸುತ್ತಿ, ಒಣ ಬೇವಿನ ಎಲೆ ಹಾಕಿ ಜೋಡಿಸಿದೆ. ಮಧ್ಯಾಹ್ನ 1.05ಕ್ಕೆ ಬೀಗ ಹಾಕಿ, ಚೀಟಿ ಅಂಟಿಸಿ, ಮೆಟ್ಟಿಲ ಮೇಲೆ ನಿಂತು ದಿವ್ಯಳಿಗೆ ಫೋನ್ ಮಾಡಿ, ಮಕ್ಕಳನ್ನೆಲ್ಲ ಮಲಗಿಸಿದೆ, ಒಬ್ಬಳ ಕಾಲು ಮುರಿದಿತ್ತು, ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದ್ದೇನೆ, ಕಿಟಕಿ ಭದ್ರ ಮಾಡಿದ್ದೇನೆ, ಇನ್ನು ಹೊಳೆ ಇಳಿದ ಮೇಲೇ ಬೀಗ ತೆಗೆಯುವುದು ಎಂದು ಹೇಳಿದೆ. ಪಕ್ಕದ ಮನೆಯ ಮಂಗಳಮ್ಮ, ಸುಮಾರು 65 ವರ್ಷ, 8 ಅಡಿ ದೂರದಲ್ಲಿ ಅವರ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ನಾನು ಅವರಿಗೆ ನಕ್ಕು ಹೊರಟೆ.

ಅವರು ಮೇಲೆ ಬಂದು ಚೀಟಿ ಓದಿ, ಬಾಗಿಲು ತಟ್ಟಿ, ಒಳಗಿಂದ ಸದ್ದು ಬಾರದ್ದರಿಂದ ಪೊಲೀಸರಿಗೆ ಫೋನ್ ಮಾಡಿದರೆಂದು ಆಮೇಲೆ ತಿಳಿಯಿತು. 2.40ಕ್ಕೆ ನಾನು ಮನೆ ಸೇರಿದ್ದಾಗ ಗಂಗಾಧರಸ್ವಾಮಿಯವರು ಫೋನ್ ಮಾಡಿ, ಏನ್ ಮೇಡಂ ಇದು, ಮನೆ ಮುಂದೆ ಜೀಪ್ ನಿಂತದೆ, ಎಷ್ಟ್ ಮಕ್ಳು ಕೂಡಾಕಿದ್ದೀರಿ ಎಂದು ಕೇಳಿದರು. ನಾನು ಅಭ್ಯಾಸದಂತೆ ನೂರ ನಲವತ್ತಮೂರು ಎಂದೆ. ಅವರು ಫೋನ್ ಇಟ್ಟರು.

4 ಗಂಟೆಗೆ ವಾಪಸು ಬಂದಾಗ ಬೀಗ ಒಡೆದಿತ್ತು. ಹೆಡ್ ಕಾನ್‌ಸ್ಟೇಬಲ್ ರವಿಕುಮಾರ್ ಅವರ ಕೈಯಲ್ಲಿ ಛತ್ರಿಯ ಎತ್ತು ಇತ್ತು. ಟ್ರಂಕು ಎಳೆಯುವಾಗ ಅದರ ಬಲಗೊಂಬು ಮುರಿದಿದೆ. ಮಂಗಳಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಎಳೇ ಜೀವ, ಉಸ್ರು ಕಟ್ಟೋಯ್ತದೆ ಅಂತ ನಾನೇ ಬೀಗ ಒಡೀರಿ ಅಂದೆ ಕಣವ್ವ ಎಂದರು. ಗಂಗಾಧರಸ್ವಾಮಿಯವರು, ಪೊಲೀಸ್ ಬಂದ ಮನೆ ಅಂತ ಬೀದಿಯೆಲ್ಲ ಆಡ್ಕೊಳ್ತದೆ, ಸಂಜೆ ಒಳ್ಗೆ ಖಾಲಿ ಮಾಡಿ ಎಂದರು. ನಾನು ನಂಜನಗೂಡು ಬಿಡುವಾಗಲೇ ನೀರು ನನ್ನ ಮನೆಯಿಂದ 4 ಮೆಟ್ಟಿಲು ಕೆಳಗಿತ್ತು. ಬೊಂಬೆಗಳನ್ನಿಡಲು ನನಗೆ ಬೇರೆ ಜಾಗವಿಲ್ಲ.

ಪಂಚನಾಮೆಗಾಗಿ 143 ಬೊಂಬೆಗಳನ್ನೂ ಮಹಡಿಯ ಮೇಲೆ ಸಾಲಾಗಿ ನಿಲ್ಲಿಸಿದರು. ಅಷ್ಟೂ ಒಟ್ಟಿಗೆ ಬಿಸಿಲಲ್ಲಿ ನಿಂತದ್ದನ್ನು ನಾನೂ ನೋಡಿರಲಿಲ್ಲ. ರವಿಕುಮಾರ್ ಅವರು ಎಣಿಸಿ, ಎಲ್ರೂ ಸೇಫು, ಒಬ್ರೂ ಅಳ್ತಿಲ್ಲ ಬಿಡವ್ವ ಎಂದು ಮಂಗಳಮ್ಮನಿಗೆ ಹೇಳಿ, ಇವು ಯಾವ ಕಂಪನಿಯವು ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಅವರು 'ತಯಾರಿಸಿದವರು: ಪುಟ್ಟಬಸವಯ್ಯ' ಎಂದು ಬರೆದರು. ಸರ್ಕಾರಿ ಕಾಗದಗಳಲ್ಲಿ ನನ್ನ ತಂದೆಯ ಹೆಸರಿನ ಜೊತೆ ಈವರೆಗೆ ಕೂಲಿ ಎಂಬ ಪದವೊಂದೇ ಇತ್ತು. ಆ ಸಾಲನ್ನು ಎರಡು ಸಲ ಓದಿಸಿ ಕೇಳಿದೆ.

ಬೀಗಕ್ಕಾಗಲಿ ಕೊಂಬಿಗಾಗಲಿ ನಾನು ಯಾರ ಮೇಲೂ ದೂರು ಕೊಡುವುದಿಲ್ಲ. ಕಾಣದ ಮಕ್ಕಳಿಗಾಗಿ ಮೆಟ್ಟಿಲು ಹತ್ತಿ ಬಂದವರನ್ನು ದೂರುವುದೇನು. ಕೋಣೆಯಲ್ಲಿ ತಪ್ಪು ವಸ್ತು ಏನೂ ಸಿಗಲಿಲ್ಲವೆಂದು ಬರೆದುಕೊಟ್ಟರೆ ಮನೆ ಮಾಲೀಕರು ಕೋಣೆ ಬಿಡಿಸದಿರಬಹುದು, ಹಾಗೆ ಬರೆದುಕೊಡಬೇಕೆಂದು ಕೋರುತ್ತೇನೆ.

ಬರೆದುಕೊಂಡದ್ದನ್ನು ನಾನೇ ಓದಿ ನೋಡಿದ್ದೇನೆ. ಹೇಳಿದಂತೆಯೇ ಇದೆ, ಹೇಳಿದ್ದು ನಿಜ.

ಸ್ಥಳ: ತಿ. ನರಸೀಪುರ, ಮಹಡಿ ಕೋಣೆಯ ಮುಂದೆ
ದಿನಾಂಕ: 06-07-2025, ಸಂಜೆ 5.50
(ಸಹಿ) ವಾಣಿ ಪಿ.

ಸಹಿಯಾದ ಮೇಲೆ ನನ್ನ ಕೋರಿಕೆಯಂತೆ ಸೇರಿಸಿದ್ದು: ಮೇಲಿನದನ್ನು ಓದಿಸಿ ಕೇಳಿದ ಗಂಗಾಧರಸ್ವಾಮಿಯವರು, ಇಟ್ಟುಕೊಳ್ಳಿ, ಆದರೆ ಹತ್ತಿರದವರು ಯಾರಾದರೂ ಜವಾಬ್ದಾರಿ ಹೊರಬೇಕು ಎಂದರು. ಬಾಗಿಲಲ್ಲಿ ನಿಂತಿದ್ದ ಮಂಗಳಮ್ಮ ಕೈಚಾಚಿ ನನಗೆ ಹೇಳಿದ್ದು: ಹೊಸ ಬೀಗದ ಕೀ ನನ್ ಕೈಲಿ ಕೊಡವ್ವ. ದಿನಾ ಒಂದ್ಗಳಿಗೆ ಕಿಟ್ಕಿ ತೆಗ್ದಿಡ್ತೀನಿ. ಬೊಂಬೆ ಆದ್ರೇನು, ಉಸ್ರು ಕಟ್ಟಾಕಿಲ್ವಾ.