ನಿಧಾನ ಎಂದು ಕೂಗಿದ ಸಾಹುಕಾರ

ಮನೆಯಲ್ಲಿ ಎಲ್ಲ ಇದೆ, ಆದರೂ ಯಾಕೋ ನೆಮ್ಮದಿ ಇಲ್ಲ ಅಂತೀರಲ್ಲ, ಈ ಕಥೆ ನಿಮಗೇ.

ಕಡಲ ದಂಡೆಯ ಮೇಲೊಂದು ಊರು. ಅಲ್ಲೊಬ್ಬ ಸಾಹುಕಾರ. ಬಂದರಿನಲ್ಲಿದ್ದ ಬೋಟುಗಳಲ್ಲಿ ಮುಕ್ಕಾಲು ಪಾಲು ಅವನವೇ. ಆದರೆ ನೋಡಿ, ಆ ಮನುಷ್ಯ ಕೂತಲ್ಲಿ ಕೂರುವವನಲ್ಲ. ಊಟಕ್ಕೆ ಕೂತರೆ ಬಂದರಿನ ಚಿಂತೆ, ಬಂದರಿಗೆ ಹೋದರೆ ಪೇಟೆಯ ಚಿಂತೆ. ತನ್ನ ಬೋಟೇ ಮೊದಲು ದಡ ಮುಟ್ಟಬೇಕು, ತನ್ನ ಮೀನೇ ಮೊದಲು ಹರಾಜಾಗಬೇಕು. ಬೋಟು ಬಂದು ನಿಲ್ಲುವ ದಕ್ಕೆಯ ಮೇಲೆ ನಿಂತು ಎರಡೂ ಕೈ ಬೀಸಿ ಕೂಗುತ್ತಿದ್ದ: "ಬೇಗ! ಬೇಗ!"

ಆ ವರ್ಷ ಬಂದರಿನ ಬಾಯಲ್ಲಿ, ಜೊಂಡು ಬೆಳೆದ ಕಡೆ, ಒಂದು ಜೋಡಿ ಕಾಡುಹಂಸ ಗೂಡು ಕಟ್ಟಿತು. ಕಟ್ಟಿತು ಅಂದೆ. ಉಳಿಯಿತೇ? ಬೋಟು ನುಗ್ಗಿದಾಗಲೆಲ್ಲ ಹಿಂದೆ ಎದ್ದ ಅಲೆ ಜೊಂಡಿನೊಳಗೆ ಹೊಕ್ಕು ಗೂಡನ್ನು ಕಿತ್ತು ಹಾಕುತ್ತಿತ್ತು. ಹಂಸಗಳು ಮತ್ತೆ ಕಡ್ಡಿ ತರುತ್ತಿದ್ದವು. ಮತ್ತೆ ಬೋಟು, ಮತ್ತೆ ಅಲೆ. ನೀರಿನ ಮೇಲೆಲ್ಲ ಡೀಸೆಲ್ಲು. ಹರಿದ ಬಲೆಯ ದಾರ ಹೆಣ್ಣುಹಂಸದ ಕಾಲಿಗೆ ಸುತ್ತಿಕೊಂಡಿತ್ತು. ಅದನ್ನು ಎಳೆದುಕೊಂಡೇ ಅದು ಗೂಡು ಕಟ್ಟಿತು, ಮೊಟ್ಟೆ ಇಟ್ಟಿತು.

ಹೆಂಡತಿ ಹೇಳಿದಳು, "ಆ ಜೊಂಡಿನ ಹತ್ರ ಒಂಚೂರು ನಿಧಾನಕ್ಕೆ ಬರ್ಲಿಕ್ಕೆ ಹೇಳಿ ನಿಮ್ಮೋರಿಗೆ."

"ನಾನೇನು ಅದರ ಗೂಡು ಮುಟ್ಟಿದ್ನಾ? ನನ್ನ ಬೋಟು ನೀರಲ್ಲಿ ಹೋಗ್ತದೆ, ಅಷ್ಟೇ" ಅಂದ ಸಾಹುಕಾರ. ಅನ್ನ ಬಿಟ್ಟು ಎದ್ದ.

ಒಂದು ದಿನ ಅವನೇ ಸಣ್ಣ ದೋಣಿ ಹತ್ತಿ ಹೊರಟ. ಸರಿಯಾಗಿ ಜೊಂಡಿನ ಪಕ್ಕದಲ್ಲಿ ಎಂಜಿನ್ ನಿಂತಿತು. ಎಳೆದ, ಬೈದ, ಒದ್ದ. ಊಹೂಂ! ಆ ಅವಸರದ ಮನುಷ್ಯ ಮೊದಲ ಸಲ ಒಂದು ಕಡೆ ಸುಮ್ಮನೆ ಕೂರಬೇಕಾಯಿತು. ಎದುರಿಗೇ ಗೂಡು. ಗೂಡಿನ ಮೇಲೆ ಹಂಸ. ಅದು ಅವನನ್ನು ನೋಡುತ್ತಿರಲಿಲ್ಲ. ಕತ್ತು ಚಾಚಿ ಕಡಲ ಕಡೆಗೇ ನೋಡುತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು. ಯಾಕೆ? ತಿರುಗಿ ನೋಡಿದ. ಅವನದೇ ದೊಡ್ಡ ಬೋಟು ಭರ್ರೆಂದು ಬರುತ್ತಿದೆ!

ಎದ್ದು ನಿಂತ. ಎರಡೂ ಕೈ ಬೀಸಿದ. "ನಿಧಾನ! ನಿಧಾನ ಮಾರಾಯ್ರಾ!" ಅಂತ ಗಂಟಲು ಹರಿಯುವಂತೆ ಕೂಗಿದ.

ಬೋಟಿನವರಿಗೆ ಮಾತು ಕೇಳಿಸಲಿಲ್ಲ, ಕೈ ಕಾಣಿಸಿತು. "ದಣಿ ಬೇಗ ಬರ್ಲಿಕ್ಕೆ ಹೇಳ್ತಿದ್ದಾರೆ, ಎಳಿ ಎಳಿ!" ಅಂದರು. ಇನ್ನೂ ಜೋರಾಗಿ ಬಿಟ್ಟರು.

ಅಲೆ ಬಂತು. ಮೊಟ್ಟೆಗಳು ಅವನ ಕಣ್ಣೆದುರೇ ಒಂದೊಂದಾಗಿ ಉರುಳಿ ನೀರಿಗೆ ಬಿದ್ದವು. ಹಂಸ ಒದ್ದೆ ಕಡ್ಡಿಗಳ ಮೇಲೆ ಹಾಗೇ ಕೂತಿತ್ತು.

ಮಾರನೆಯ ದಿನವೇ ಅವನು ಅಪ್ಪಣೆ ಮಾಡಿದ, ಜೊಂಡಿನ ಹತ್ತಿರ ಯಾರೂ ಬೋಟನ್ನು ಜೋರಾಗಿ ಓಡಿಸಬಾರದು ಎಂದು. ಹಂಸಗಳು ಹೊರಟುಹೋಗಿದ್ದವು. ಮುಂದಿನ ವರ್ಷ ಬಂದವೇ ಅಂತ ಕೇಳಬೇಡಿ. ನನಗೆ ಗೊತ್ತಿಲ್ಲ.

ಈಗ ನಿಮ್ಮ ಮನೆಗೆ ಬರೋಣ. ಬೆಳಗ್ಗೆ ಎದ್ದಾಗಿನಿಂದ ನಿಮ್ಮ ಮಕ್ಕಳು ನಿಮ್ಮ ಬಾಯಲ್ಲಿ ಏನು ಕೇಳುತ್ತಾರೆ? ಬೇಗ ಏಳು, ಬೇಗ ತಿನ್ನು, ಬೇಗ ಹೇಳು ಅದೇನು! ನಾನು ಯಾರಿಗೂ ಕೈ ಮಾಡಿಲ್ಲ ಸ್ವಾಮೀ ಅಂತೀರಿ. ಸಾಹುಕಾರನೂ ಅದನ್ನೇ ಅಂದ.

ನಾಳೆ ಮಗು ಶೂ ಕಟ್ಟಿಕೊಳ್ಳುವಾಗ ಬಾಯಿ ಮುಚ್ಚಿ ಪಕ್ಕದಲ್ಲಿ ನಿಲ್ಲಿ. ವಯಸ್ಸಾದ ಅತ್ತೆ ಮಾತಿಗೆ ತಡಕಾಡಿದರೆ ನೀವು ಪೂರ್ತಿ ಮಾಡಬೇಡಿ, ಕಾಯಿರಿ. ಹೆಂಡತಿ ಮಾತಾಡುವಾಗ ಫೋನು ಕೆಳಗಿಡಿ. ಬಸ್ಸು ತಪ್ಪಿದರೆ ತಪ್ಪಲಿ. ನಿಧಾನ ಎನ್ನುವ ಮಾತು ನಿಮ್ಮ ಬಾಯಿಂದಲೂ ಬರುತ್ತದೆ ಎಂದು ಮನೆಯವರಿಗೆ ಇವತ್ತೇ ಗೊತ್ತಾಗಲಿ.